ಎದುರಾಳಿಗಳಿಗೇ ಎಂಜಿನ್ ಮಾರಿ ಮರೆಯಾದ ಕಾರು ಕಂಪನಿ

ಫ್ರಾನ್ಸ್‌ನ ಕಾರು ಎಂದೊಡನೆ ರೆನೋ, ಪ್ಯೂಜೋ, ಸಿಟ್ರೊಯೆನ್ ನೆನಪಾಗುತ್ತವೆ. ಆದರೆ 1900ರಲ್ಲಿ ಜಗತ್ತಿನ ಅತಿದೊಡ್ಡ ಕಾರು ತಯಾರಕ ಸಂಸ್ಥೆ ಎನಿಸಿಕೊಂಡಿದ್ದುದು ಪ್ಯಾರಿಸ್ ಸಮೀಪದ ಪ್ಯುತೋದಲ್ಲಿದ್ದ ದ ದಿಯೋನ್-ಬುತೋನ್. ಆ ಹೆಸರು ಇಂದು ಹಳೆಯ ಕಾರುಗಳ ಸಂಗ್ರಾಹಕರ ನಾಲಿಗೆಯ ಮೇಲಷ್ಟೇ ಉಳಿದಿದೆ.

ಕಥೆಯ ಆರಂಭ ಒಂದು ಆಟಿಕೆಯಿಂದ. ಶ್ರೀಮಂತ ಕುಲೀನ ಮನೆತನದ ಜೂಲ್-ಆಲ್ಬರ್ಟ್ ದ ದಿಯೋನ್ 1881ರಲ್ಲಿ ಪ್ಯಾರಿಸ್‌ನ ಅಂಗಡಿಯೊಂದರಲ್ಲಿ ಪುಟ್ಟ ಉಗಿಯಂತ್ರವೊಂದನ್ನು ಕಂಡು ಬೆರಗಾದರು. ಅದನ್ನು ತಯಾರಿಸಿದ್ದ ಜಾರ್ಜ್ ಬುತೋನ್ ಮತ್ತು ಅವರ ಭಾವಮೈದುನ ಶಾರ್ಲ್ ತ್ರೆಪಾರ್ದು ಅವರನ್ನು ಹುಡುಕಿ, 1883ರಲ್ಲಿ ಪಾಲುದಾರಿಕೆ ಸಂಸ್ಥೆ ಕಟ್ಟಿದರು. 1894ರ ಪ್ಯಾರಿಸ್-ರೂಆನ್ ಸ್ಪರ್ಧೆಯಲ್ಲಿ ದ ದಿಯೋನ್ ಅವರ ಉಗಿಬಂಡಿಯೇ ಮೊದಲು ಗುರಿ ಮುಟ್ಟಿತು. ಆದರೆ ಅದಕ್ಕೆ ಬೆಂಕಿ ನೋಡಿಕೊಳ್ಳಲು ಪ್ರತ್ಯೇಕ ಆಳು ಬೇಕೆಂಬ ಕಾರಣಕ್ಕೆ ಪ್ರಥಮ ಬಹುಮಾನ ದಕ್ಕಲಿಲ್ಲ. ಪೆಟ್ರೋಲ್‌ನತ್ತ ಸಂಸ್ಥೆ ಹೊರಳಿದ್ದನ್ನು ಒಪ್ಪದ ತ್ರೆಪಾರ್ದು ಅದೇ ವರ್ಷ ಹೊರನಡೆದರು.

ಬುತೋನ್ ರೂಪಿಸಿದ ಹಗುರವಾದ ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 1,500ಕ್ಕೂ ಹೆಚ್ಚು ಸುತ್ತು ತಿರುಗುತ್ತಿತ್ತು. ಅಂದಿನ ಇತರ ಎಂಜಿನ್‌ಗಳ ವೇಗ ಸುಮಾರು ಅದರ ಅರ್ಧದಷ್ಟು. ಈ ಎಂಜಿನ್ ಹೊತ್ತ ತ್ರಿಚಕ್ರ ವಾಹನಗಳು ಸಾವಿರಾರು ಸಂಖ್ಯೆಯಲ್ಲಿ ಮಾರಾಟವಾದವು. 1900ರಲ್ಲಿ ಸಂಸ್ಥೆ ಸುಮಾರು 400 ಕಾರುಗಳನ್ನು ತಯಾರಿಸಿದರೆ, ಎಂಜಿನ್‌ಗಳ ಸಂಖ್ಯೆ 3,000 ದಾಟಿತ್ತು. ಬಹುಪಾಲು ಎಂಜಿನ್‌ಗಳು ಬೇರೆ ತಯಾರಕರ ಪಾಲಾದವು. ಲೂಯಿ ರೆನೋ 1898ರಲ್ಲಿ ನಿರ್ಮಿಸಿದ ಮೊದಲ ಕಾರಿನಲ್ಲಿದ್ದುದೂ ಇದೇ ಎಂಜಿನ್.

ಇದೇ ವ್ಯವಹಾರ ಮುಂದೆ ಮುಳುವಾಯಿತು. ಕೊಳ್ಳುತ್ತಿದ್ದವರು ಕ್ರಮೇಣ ಸ್ವಂತ ಎಂಜಿನ್ ತಯಾರಿಸಿ ಪ್ರತಿಸ್ಪರ್ಧಿಗಳಾದರು. 1902ರ ವೇಳೆಗೆ ರೆನೋ ಕೂಡ ಆ ಸಾಲಿಗೆ ಸೇರಿತ್ತು. 1910ರಲ್ಲಿ ಎಂಟು ಸಿಲಿಂಡರ್‌ಗಳ ವಿ-ಎಂಜಿನ್ ಕಾರನ್ನು ಮಾರುಕಟ್ಟೆಗಿಳಿಸಿ ದ ದಿಯೋನ್ ಮತ್ತೊಮ್ಮೆ ಮುಂದಡಿ ಇಟ್ಟಿತಾದರೂ, ಮೊದಲ ಮಹಾಯುದ್ಧದ ನಂತರ ಹೊಸತನ ಬತ್ತಿತು. 1919ರಲ್ಲಿ ಸಿಟ್ರೊಯೆನ್ ಅಗ್ಗದ ಕಾರುಗಳನ್ನು ಭಾರೀ ಪ್ರಮಾಣದಲ್ಲಿ ತಯಾರಿಸತೊಡಗಿದಾಗ ಪೈಪೋಟಿ ನೀಡಲಾಗಲಿಲ್ಲ. 1927ರಲ್ಲಿ ಕಾರ್ಖಾನೆ ಕೆಲಕಾಲ ಬಾಗಿಲು ಮುಚ್ಚಿತು. 1932ರಲ್ಲಿ ಕಾರು ತಯಾರಿಕೆಯೇ ನಿಂತಿತು.

ಉಳಿದಿರುವುದು 'ದ ದಿಯೋನ್ ಆಕ್ಸಲ್'. ಚಕ್ರಗಳಿಗೆ ಶಕ್ತಿ ರವಾನಿಸುವ ಭಾರವಾದ ಗೇರ್‌ಪೆಟ್ಟಿಗೆಯನ್ನು ಚಾಸಿಗೆ ಬಿಗಿದು, ಎರಡು ಹಿಂಚಕ್ರಗಳನ್ನು ಪ್ರತ್ಯೇಕ ಕೊಳವೆಯೊಂದರಿಂದ ಜೋಡಿಸುವ ವ್ಯವಸ್ಥೆಯಿದು. ಚಕ್ರದ ಜೊತೆ ಕುಲುಕುವ ಭಾರ ತಗ್ಗುವುದರಿಂದ ಹಿಡಿತ ಹೆಚ್ಚುತ್ತದೆ. 1972ರ ಆಲ್ಫಾ ರೋಮಿಯೊ ಆಲ್ಫೆಟ್ಟಾ ಕಾರಿನಲ್ಲೂ ಇದು ಬಳಕೆಯಾಯಿತು. ವಿಪರ್ಯಾಸವೆಂದರೆ, ಅದನ್ನು ರೂಪಿಸಿದವರು ದ ದಿಯೋನ್ ಅಲ್ಲ. ಉಗಿಯನ್ನೇ ನಂಬಿ ಸಂಸ್ಥೆ ತೊರೆದ ತ್ರೆಪಾರ್ದು.