ಹಾಲು ಗಟ್ಟಿಯಾಗುವ ಎರಡು ಬಗೆ

ಅಮೆರಿಕದ ನಗರಗಳ ಬಡಾವಣೆಗಳಲ್ಲಿ, ಇಪ್ಪತ್ತು ಮೂವತ್ತು ಜನ ಕುಳಿತರೆ ತುಂಬಿಹೋಗುವಂಥ ಚಿಕ್ಕ ಭೋಜನಗೃಹಗಳುಂಟು. ಸುತ್ತಲಿನ ನಾಲ್ಕಾರು ಬೀದಿಗಳ ಜನರೇ ಅವುಗಳ ಗಿರಾಕಿಗಳು. ಇಂಥ ಕೆಲವೆಡೆಗಳಲ್ಲಿ, ಮರದ ಹಲಗೆಯೊಂದರ ಮೇಲೆ ಮೂರು ನಾಲ್ಕು ಬಗೆಯ ಚೀಸಿನ ತುಂಡುಗಳನ್ನು ಜೋಡಿಸಿ, ಪಕ್ಕದಲ್ಲಿ ಒಣಹಣ್ಣುಗಳನ್ನೂ ಬಾದಾಮಿಯನ್ನೂ ಬ್ರೆಡ್ಡಿನ ಚೂರುಗಳನ್ನೂ ಇಟ್ಟು ತಂದುಕೊಡುತ್ತಾರೆ. ಊಟದ ಕೊನೆಗೆ, ಮೂಲೆಯಲ್ಲಿರುವ ಯಂತ್ರವೊಂದರ ಹಿಡಿಯನ್ನೆಳೆದು, ಸುರುಳಿ ಸುರುಳಿಯಾಗಿ ಇಳಿದುಬರುವ ಮೆದುವಾದ ಐಸ್‌ಕ್ರೀಮನ್ನು ಬಟ್ಟಲಿಗೆ ತುಂಬಿಕೊಡುತ್ತಾರೆ. ಮೊದಲನೆಯದಕ್ಕೆ ಚೀಸ್ ಬೋರ್ಡ್ ಎಂದೂ ಎರಡನೆಯದಕ್ಕೆ ಸಾಫ್ಟ್ ಸರ್ವ್ ಎಂದೂ ಹೆಸರು.

ನೋಟಕ್ಕೂ ರುಚಿಗೂ ಇವೆರಡಕ್ಕೆ ಯಾವ ಸಂಬಂಧವೂ ಇದ್ದಂತೆ ತೋರುವುದಿಲ್ಲ. ಒಂದು ಉಪ್ಪು, ಇನ್ನೊಂದು ಸಿಹಿ. ಒಂದು ತಯಾರಾಗಲು ತಿಂಗಳುಗಳು ಬೇಕು. ಇನ್ನೊಂದಕ್ಕೆ ಕೆಲವು ನಿಮಿಷಗಳು ಸಾಕು. ಆದರೂ ಎರಡೂ ಹಾಲಿನಿಂದಲೇ ಆದವು. ಹಸುವಿನ ಹಾಲಿನಲ್ಲಿ ಶೇಕಡ ೮೭ರಷ್ಟು ನೀರು. ಹೀಗೆ ಬಹುಪಾಲು ನೀರೇ ಆಗಿರುವ ವಸ್ತುವು ತಟ್ಟೆಯ ಮೇಲೆ ತನ್ನ ಕಾಲಮೇಲೆ ತಾನು ನಿಲ್ಲುವುದು ಹೇಗೆ? ಹಾಗೆ ನಿಂತ ಮೇಲೆ ಅದನ್ನು ಕೆಡದಂತೆ ಕಾಯುವವರಾರು? ಈ ಎರಡು ಪ್ರಶ್ನೆಗಳನ್ನು ವಿಚಾರಿಸೋಣ.

ಕರುವಿನ ಹೊಟ್ಟೆಯ ಗುಟ್ಟು

ಹಾಲು ಗಟ್ಟಿಯಾಗುವುದು ನಮಗೆ ಹೊಸದಲ್ಲ. ಬೆಚ್ಚನೆಯ ಹಾಲಿಗೆ ಹೆಪ್ಪು ಹಾಕಿದರೆ, ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಹುಳಿಯೇರಿದ ಹಾಲು ಮೊಸರಾಗುತ್ತದೆ. ಕುದಿಯುವ ಹಾಲಿಗೆ ನಿಂಬೆಯ ರಸವನ್ನು ಹಿಂಡಿದರೆ ಅದು ಒಡೆದು ಪನೀರು ಬೇರೆಯಾಗುತ್ತದೆ. ಈದ ಹಸುವಿನ ಮೊದಲ ದಿನಗಳ ಹಾಲಿಗೆ ಬೆಲ್ಲ ಬೆರೆಸಿ ಹಬೆಯಲ್ಲಿ ಬೇಯಿಸಿದರೆ ಗಿಣ್ಣು ಸಿದ್ಧ. ಚೀಸನ್ನೂ ಗಿಣ್ಣು ಎಂದು ಕರೆಯುವ ರೂಢಿ ಕನ್ನಡದಲ್ಲಿ ಉಂಟು. ಆದರೆ ಎರಡೂ ಗಟ್ಟಿಯಾಗುವ ಕ್ರಮ ಬೇರೆ. ಗಿಣ್ಣುಹಾಲಿನಲ್ಲಿ ಕರುವನ್ನು ರೋಗದಿಂದ ರಕ್ಷಿಸತಕ್ಕ ವಿಶೇಷ ಪ್ರೋಟೀನುಗಳು ಹೇರಳವಾಗಿರುತ್ತವೆ. ಕೋಳಿಮೊಟ್ಟೆಯ ಬಿಳಿಭಾಗದಂತೆ ಅವು ಕಾವಿಗೆ ಗಟ್ಟಿಯಾಗುತ್ತವೆ. ಚೀಸಿನಲ್ಲಿ ಕೆಲಸ ಮಾಡುವುದು ಕಾವಲ್ಲ, ಒಂದು ಕಿಣ್ವ.

ಹಾಲಿನ ಪ್ರೋಟೀನಿನ ಐದರಲ್ಲಿ ನಾಲ್ಕು ಪಾಲು ಕೇಸೀನ್ ಎಂಬುದು. ಅದು ಹಾಲಿನಲ್ಲಿ ಸಣ್ಣ ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತದೆ. ಒಂದು ಉಂಡೆಯ ಅಡ್ಡಳತೆ ಮಿಲಿಮೀಟರಿನ ಹತ್ತುಸಾವಿರದಲ್ಲೊಂದು ಪಾಲಿನ ಸುಮಾರಿನದು. ಪ್ರತಿಯೊಂದು ಉಂಡೆಯ ಮೈಮೇಲೂ ನವುರಾದ ಕೂದಲಿನಂಥ ಎಳೆಗಳಿವೆ. ಈ ಎಳೆಗಳು ಋಣವಿದ್ಯುತ್ತನ್ನು ಹೊತ್ತಿರುವುದರಿಂದ ಉಂಡೆಗಳು ಒಂದನ್ನೊಂದು ದೂರ ತಳ್ಳುತ್ತವೆ. ಹಾಲು ಹಾಲಾಗಿಯೇ ಉಳಿಯುವುದು ಇದರಿಂದ. ಹಾಲು ಕುಡಿಯುವ ಎಳಗರುವಿನ ನಾಲ್ಕನೆಯ ಹೊಟ್ಟೆಯಲ್ಲಿ ಕೈಮೊಸಿನ್ ಎಂಬ ಕಿಣ್ವವಿದೆ. ಅದು ಈ ಎಳೆಗಳನ್ನು ಒಂದು ನಿಶ್ಚಿತವಾದ ಜಾಗದಲ್ಲಿ ಕತ್ತರಿಸಿಹಾಕುತ್ತದೆ. ಬೋಳಾದ ಉಂಡೆಗಳು ಒಂದಕ್ಕೊಂದು ಅಂಟಿಕೊಂಡು ಬಲೆಯನ್ನು ಹೆಣೆಯುತ್ತವೆ. ಜಿಡ್ಡೂ ನೀರೂ ಆ ಬಲೆಯಲ್ಲಿ ಸಿಕ್ಕಿಬೀಳುತ್ತವೆ.

ಹಿಂದೆ ಈ ಕಿಣ್ವಕ್ಕಾಗಿ ಕರುಗಳನ್ನು ಕೊಲ್ಲಬೇಕಾಗಿತ್ತು. ಶಾಕಾಹಾರಿಗಳು ಚೀಸನ್ನು ಅನುಮಾನದಿಂದ ನೋಡುತ್ತಿದ್ದುದಕ್ಕೆ ಇದೇ ಕಾರಣ. ಕರುವಿನ ಆ ಒಂದು ಜೀನನ್ನು ಸೂಕ್ಷ್ಮಜೀವಿಗಳಲ್ಲಿ ಸೇರಿಸಿ, ಅವುಗಳಿಂದಲೇ ಕೈಮೊಸಿನ್ನನ್ನು ತಯಾರಿಸುವ ವಿಧಾನಕ್ಕೆ ೧೯೯೦ರಲ್ಲಿ ಅಮೆರಿಕದ ಸರ್ಕಾರವು ಸಮ್ಮತಿಯಿತ್ತಿತು. ಇಂದು ಅಲ್ಲಿನ ಬಹುಪಾಲು ಚೀಸು ಹೀಗೆ ತಯಾರಾದ ಕಿಣ್ವದಿಂದಲೇ ಆಗುತ್ತದೆ.

ಹೆಪ್ಪುಗಟ್ಟಿದ ಹಾಲನ್ನು ಸಣ್ಣ ತುಂಡುಗಳಾಗಿ ಕತ್ತರಿಸಿದರೆ ಬಲೆಯು ಕುಗ್ಗಿ ನೀರನ್ನು ಹೊರಕ್ಕೆ ಹಿಂಡುತ್ತದೆ. ಉಳಿದುದಕ್ಕೆ ಉಪ್ಪು ಹಾಕಿ, ಅಚ್ಚಿನಲ್ಲಿಟ್ಟು ಒತ್ತುತ್ತಾರೆ. ಹೀಗೆ ಸುಮಾರು ಹತ್ತು ಲೀಟರು ಹಾಲಿನಿಂದ ಒಂದು ಕಿಲೋಗ್ರಾಮು ಗಟ್ಟಿ ಚೀಸು ದೊರೆಯುತ್ತದೆ. ಮಿಕ್ಕುದೆಲ್ಲ ಬಹುಮಟ್ಟಿಗೆ ನೀರಾಗಿ ಹರಿದುಹೋಯಿತು. ಚೀಸೆಂದರೆ ನೀರನ್ನು ಕಳೆದುಕೊಂಡ ಹಾಲು.

ಹಲಗೆಯ ಮೇಲಿನ ನಾಲ್ವರು

ಇಷ್ಟರಿಂದಲೇ ಚೀಸಿಗೆ ರುಚಿ ಬರುವುದಿಲ್ಲ. ಅದನ್ನು ತಂಪಾದ ಕೋಣೆಯಲ್ಲಿಟ್ಟು ಮಾಗಿಸಬೇಕು. ಮಾಗುವುದೆಂದರೆ ಕಿಣ್ವಗಳೂ ಸೂಕ್ಷ್ಮಜೀವಿಗಳೂ ಪ್ರೋಟೀನನ್ನೂ ಜಿಡ್ಡನ್ನೂ ನಿಧಾನವಾಗಿ ಒಡೆದು, ರುಚಿಯೂ ವಾಸನೆಯೂ ಉಳ್ಳ ಚಿಕ್ಕ ಅಣುಗಳನ್ನಾಗಿ ಮಾಡುವುದು. ಯಾವ ಜೀವಿಗೆ ಅವಕಾಶ ಕೊಟ್ಟೆವೆಂಬುದರ ಮೇಲೆ ಚೀಸಿನ ಜಾತಿಯು ನಿರ್ಣಯವಾಗುತ್ತದೆ.

ಹಲಗೆಯ ಮೇಲೆ ಬಿಳಿಯ ಮಕಮಲ್ಲಿನಂಥ ಹೊದಿಕೆಯುಳ್ಳ ಬ್ರೀ ಇದ್ದರೆ, ಆ ಹೊದಿಕೆಯು ಒಂದು ಜಾತಿಯ ಪೆನಿಸಿಲಿಯಮ್ ಬೂಷ್ಟು. ಅದು ಹೊರಮೈಯಲ್ಲಿ ಬೆಳೆದು ಲ್ಯಾಕ್ಟಿಕ್ ಆಮ್ಲವನ್ನು ತಿಂದುಹಾಕುತ್ತದೆ. ಹುಳಿ ಇಳಿದಂತೆ ಚೀಸು ಅಂಚಿನಿಂದ ಒಳಗಡೆಗೆ ಮೆತ್ತಗಾಗುತ್ತ ಹೋಗುತ್ತದೆ. ನೀಲಿಯ ಗೆರೆಗಳುಳ್ಳ ಚೀಸಿನಲ್ಲಿ ಅದೇ ಕುಲದ ಇನ್ನೊಂದು ಬೂಷ್ಟಿದೆ. ಅದಕ್ಕೆ ಗಾಳಿ ಬೇಕಾದುದರಿಂದ ಚೀಸಿನ ಗಡ್ಡೆಯನ್ನು ಉದ್ದನೆಯ ಸೂಜಿಗಳಿಂದ ಚುಚ್ಚುತ್ತಾರೆ. ಸೂಜಿ ಹೋದ ದಾರಿಯಲ್ಲಿಯೇ ನೀಲಿಯು ಹಬ್ಬುತ್ತದೆ. ತೂತುಗಳುಳ್ಳ ಎಮೆಂಟಾಲಿನಲ್ಲಿ ಬೇರೊಂದು ಬ್ಯಾಕ್ಟೀರಿಯವು ಇಂಗಾಲದ ಡೈಆಕ್ಸೈಡನ್ನು ಬಿಡುಗಡೆ ಮಾಡಿ ಗುಳ್ಳೆಗಳನ್ನೆಬ್ಬಿಸುತ್ತದೆ. ಹಾಲು ಕರೆಯುವ ಕ್ರಮವು ಶುಚಿಯಾದಂತೆ ಸ್ವಿಸ್ ಚೀಸಿನ ತೂತುಗಳು ಕಡಿಮೆಯಾಗುತ್ತ ಬಂದುವು. ಹಾಲಿಗೆ ಬೀಳುತ್ತಿದ್ದ ಒಣಹುಲ್ಲಿನ ಅತಿಸೂಕ್ಷ್ಮ ಕಣಗಳೇ ಗುಳ್ಳೆಗಳಿಗೆ ನೆಲೆಯಾಗುತ್ತಿದ್ದುವೆಂದು ೨೦೧೫ರಲ್ಲಿ ಸ್ವಿಟ್ಸರ್ಲೆಂಡಿನ ಸಂಶೋಧಕರು ತೋರಿಸಿಕೊಟ್ಟರು. ನಾಲ್ಕನೆಯದು ವರ್ಷಗಟ್ಟಲೆ ಮಾಗಿದ ಗೌಡಾ ಆಗಿದ್ದರೆ, ಅಗಿಯುವಾಗ ಹಲ್ಲಿಗೆ ಮರಳಿನಂತೆ ಸಿಕ್ಕುವುದು ಮರಳೂ ಅಲ್ಲ, ಉಪ್ಪೂ ಅಲ್ಲ; ಪ್ರೋಟೀನು ಒಡೆದು ಉಂಟಾದ ಟೈರೊಸಿನ್ನಿನ ಸ್ಫಟಿಕ.

ತಿಳಿದವರು ಈ ಹಲಗೆಯನ್ನು ಶೀತಪೆಟ್ಟಿಗೆಯಿಂದ ತೆಗೆದೊಡನೆ ಬಡಿಸುವುದಿಲ್ಲ. ಅರ್ಧ ಗಂಟೆಯೋ ಒಂದು ಗಂಟೆಯೋ ಹೊರಗಿಟ್ಟಿರುತ್ತಾರೆ. ಚಳಿಯಲ್ಲಿ ಜಿಡ್ಡು ಗಡುಸಾಗಿರುತ್ತದೆ, ವಾಸನೆಯ ಅಣುಗಳು ಹೊರಡುವುದಿಲ್ಲ. ತುಸು ಬೆಚ್ಚಗಾದಾಗ ಅವು ಗಾಳಿಗೆ ಸೇರಿ ಮೂಗನ್ನು ಮುಟ್ಟುತ್ತವೆ.

ಗಾಳಿ ಬೆರೆತ ಹಿಮ

ಇನ್ನು ಮೂಲೆಯ ಯಂತ್ರದ ಕಡೆಗೆ ಹೋಗೋಣ. ಸಾಫ್ಟ್ ಸರ್ವನ್ನು ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರು ರಸಾಯನ ವಿಜ್ಞಾನಿಯಾಗಿದ್ದಾಗ ಕಂಡುಹಿಡಿದರೆಂಬ ಕಥೆಯೊಂದು ಪ್ರಚಾರದಲ್ಲಿದೆ. ಅದು ನಿಜವಲ್ಲ. ಅಮೆರಿಕದ ಇಲಿನಾಯ್ ಸಂಸ್ಥಾನದ ಕ್ಯಾಂಕಕೀ ಎಂಬ ಊರಿನಲ್ಲಿ ಮೆಕಲಾ ಎಂಬ ತಂದೆಮಕ್ಕಳು ತಮ್ಮ ಮೆದು ಐಸ್‌ಕ್ರೀಮನ್ನು ೧೯೩೮ರ ಆಗಸ್ಟಿನಲ್ಲಿಯೇ ಜನರೆದುರಿಗಿಟ್ಟರು. ಹತ್ತು ಸೆಂಟು ಕೊಟ್ಟವರು ಬೇಕಾದಷ್ಟು ತಿನ್ನಬಹುದೆಂದು ಸಾರಿದಾಗ, ಎರಡು ಗಂಟೆಗಳಲ್ಲಿ ೧,೬೦೦ಕ್ಕಿಂತ ಹೆಚ್ಚು ಬಟ್ಟಲುಗಳು ಖರ್ಚಾದುವೆಂದು ಅವರಿಂದ ಬೆಳೆದ ಡೈರಿ ಕ್ವೀನ್ ಸಂಸ್ಥೆಯ ಇತಿಹಾಸವು ಹೇಳುತ್ತದೆ. ಆಗ ಥ್ಯಾಚರ್ ಅವರಿಗೆ ಇನ್ನೂ ಹನ್ನೆರಡು ವರ್ಷ.

ಯಂತ್ರದ ಮೇಲಿನ ತೊಟ್ಟಿಯಲ್ಲಿ ಹಾಲು, ಕೆನೆ, ಸಕ್ಕರೆಗಳ ಮಿಶ್ರಣವಿರುತ್ತದೆ. ಅದು ಕೆಳಗಿನ ಉರುಳೆಗೆ ಇಳಿಯುತ್ತದೆ. ಉರುಳೆಯ ಗೋಡೆಯು ಅತಿ ಶೀತಲ. ಅದಕ್ಕೆ ತಗಲಿದ ನೀರು ಕೂಡಲೆ ಹಿಮವಾಗುತ್ತದೆ. ತಿರುಗುತ್ತಿರುವ ಅಲಗುಗಳು ಆ ಹಿಮವನ್ನು ಬೆಳೆಯಗೊಡದೆ ಕೆರೆದು ನಡುವಿಗೆ ತಳ್ಳುತ್ತವೆ. ಹಿಮದ ಹರಳುಗಳು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲಿಗಿಂತ ಚಿಕ್ಕವಾಗಿದ್ದರೆ ನಾಲಗೆಗೆ ನುಣುಪು, ದೊಡ್ಡವಾದರೆ ಮರಳುಮರಳು. ಅದೇ ಅಲಗುಗಳು ಗಾಳಿಯನ್ನೂ ಕಡೆದು ಸೇರಿಸುತ್ತವೆ. ನೂರು ಪಾಲು ಮಿಶ್ರಣಕ್ಕೆ ಮೂವತ್ತರಿಂದ ಅರವತ್ತು ಪಾಲಿನವರೆಗೂ ಗಾಳಿ ಬೆರೆಯುತ್ತದೆ. ಕಡೆತಕ್ಕೆ ಸಿಕ್ಕಿ ಪೊರೆ ಹರಿದ ಜಿಡ್ಡಿನ ಗೋಳಗಳು ಒಂದಕ್ಕೊಂದು ಅಂಟಿ, ಗಾಳಿಗುಳ್ಳೆಗಳನ್ನು ಸುತ್ತುವರಿದು ಹಿಡಿದುಕೊಳ್ಳುತ್ತವೆ.

ಇಲ್ಲಿ ವಿದ್ಯಾರ್ಥಿಗಳು ಕೇಳಬಹುದಾದ ಪ್ರಶ್ನೆಯೊಂದಿದೆ. ಯಂತ್ರದಿಂದ ಹೊರಬೀಳುವಾಗ ಇದರ ಉಷ್ಣತೆ ಸೊನ್ನೆಗಿಂತ ಸುಮಾರು ೬ ಡಿಗ್ರಿ ಸೆಂಟಿಗ್ರೇಡ್ ಕೆಳಗೆ. ನೀರು ಸೊನ್ನೆಯಲ್ಲಿಯೇ ಹೆಪ್ಪುಗಟ್ಟುವುದಾದರೆ ಇದು ಕಲ್ಲಾಗದೆ ಸುರುಳಿಯಾಗಿ ಹರಿಯುವುದು ಹೇಗೆ? ಸಕ್ಕರೆ ಕರಗಿದ ನೀರು ಸೊನ್ನೆಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಹಿಮವಾಗುವುದು ಬರಿಯ ನೀರು. ಸಕ್ಕರೆಯು ಉಳಿದ ದ್ರವದಲ್ಲಿಯೇ ನಿಲ್ಲುತ್ತದೆ. ಹಿಮ ಹೆಚ್ಚಿದಷ್ಟೂ ಉಳಿದ ಪಾಕವು ದಪ್ಪವಾಗಿ, ಅದನ್ನು ಹೆಪ್ಪುಗಟ್ಟಿಸಲು ಇನ್ನೂ ಹೆಚ್ಚಿನ ಚಳಿ ಬೇಕಾಗುತ್ತದೆ. ಹೀಗೆ ಆ ಉಷ್ಣತೆಯಲ್ಲಿ ನೀರಿನ ಅರ್ಧದಷ್ಟು ಇನ್ನೂ ದ್ರವವಾಗಿಯೇ ಇರುತ್ತದೆ. ಅದೇ ಹಿಮದ ಹರಳುಗಳ ನಡುವೆ ಜಾರುವ ಎಣ್ಣೆಯಂತೆ ವರ್ತಿಸುತ್ತದೆ. ಸಾಮಾನ್ಯ ಐಸ್‌ಕ್ರೀಮಿನಷ್ಟು ಶೀತಲವಲ್ಲವಾದುದರಿಂದ ಇದು ನಾಲಗೆಯನ್ನು ಅಷ್ಟಾಗಿ ಮರಗಟ್ಟಿಸುವುದಿಲ್ಲ. ಸಿಹಿಯೂ ಪರಿಮಳವೂ ಚೆನ್ನಾಗಿ ತಿಳಿಯುತ್ತವೆ. ಆದರೆ ಇದನ್ನು ಕಟ್ಟಿಡುವಂತಿಲ್ಲ, ಕೂಡಲೆ ತಿನ್ನಬೇಕು.

ಚಳಿಗೆ ಅಂಜದ ಶತ್ರು

ಎರಡನೆಯ ಪ್ರಶ್ನೆ ಉಳಿದಿದೆ. ಹಾಲನ್ನು ೬೩ ಡಿಗ್ರಿಗೆ ಕಾಯಿಸಿ ಅರ್ಧ ಗಂಟೆ, ಇಲ್ಲವೆ ೭೨ ಡಿಗ್ರಿಯಲ್ಲಿ ೧೫ ಸೆಕೆಂಡು ಇರಿಸಿದರೆ ಅದರಲ್ಲಿನ ರೋಗಾಣುಗಳು ಸಾಯುತ್ತವೆ. ಇದೇ ಪಾಶ್ಚರೀಕರಣ. ಬಳಿಕ ಶೀತಪೆಟ್ಟಿಗೆಯಲ್ಲಿಟ್ಟರೆ ನಿಶ್ಚಿಂತೆಯೆಂದು ಭಾವಿಸುವುದು ಸಹಜ. ಆದರೆ ಲಿಸ್ಟೀರಿಯ ಎಂಬ ಬ್ಯಾಕ್ಟೀರಿಯವು ಈ ಭಾವನೆಯನ್ನು ಸುಳ್ಳುಮಾಡುತ್ತದೆ. ೧೯೨೬ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಪ್ರಯೋಗಶಾಲೆಯ ಮೊಲಗಳಲ್ಲಿ ಇದನ್ನು ಗುರುತಿಸಿದರು. ಶಸ್ತ್ರಚಿಕಿತ್ಸೆಗೆ ಶುಚಿತ್ವವನ್ನು ತಂದ ಜೋಸೆಫ್ ಲಿಸ್ಟರನ ಹೆಸರನ್ನು ಮುಂದೆ ಇದಕ್ಕೆ ಇಟ್ಟರು. ಕಾವಿಗೆ ಇದು ಸಾಯುತ್ತದೆ. ಆದರೆ ಶೀತಪೆಟ್ಟಿಗೆಯ ೪ ಡಿಗ್ರಿಯಲ್ಲಿ ನಿಧಾನವಾಗಿ ವೃದ್ಧಿಯಾಗುತ್ತದೆ, ಹಿಮದಲ್ಲಿಯೂ ಜೀವ ಹಿಡಿದುಕೊಂಡಿರುತ್ತದೆ. ಆರೋಗ್ಯವಂತರಿಗೆ ಇದರಿಂದ ಹೆಚ್ಚು ಬಾಧೆಯಿಲ್ಲ. ಗರ್ಭಿಣಿಯರು, ನವಜಾತ ಶಿಶುಗಳು, ವೃದ್ಧರು, ದೇಹದ ರೋಗನಿರೋಧಶಕ್ತಿ ಕುಂದಿದವರು ಇವರಿಗೆ ಮಾತ್ರ ಇದು ಪ್ರಾಣಾಂತಿಕವಾಗಬಲ್ಲುದು.

ನಮ್ಮ ಭೋಜನಗೃಹದ ಎರಡು ತಿನಿಸುಗಳೂ ಈ ಶತ್ರುವನ್ನು ಎದುರಿಸುವ ರೀತಿ ಬೇರೆಬೇರೆ. ಚೆನ್ನಾಗಿ ಮಾಗಿದ ಗಟ್ಟಿ ಚೀಸಿನಲ್ಲಿ ನೀರು ಕಡಿಮೆ, ಉಪ್ಪು ಹೆಚ್ಚು, ಹುಳಿಯೂ ಉಂಟು. ಈ ಮೂರು ಸೇರಿದ ಜಾಗದಲ್ಲಿ ಲಿಸ್ಟೀರಿಯಕ್ಕೆ ಬಾಳುವೆ ಕಷ್ಟ. ಕಾವಲು ಚೀಸಿನ ಒಳಗೇ ಇದೆ. ಬ್ರೀಯಂಥ ಮೆದು ಚೀಸಿನಲ್ಲಿ ಬೂಷ್ಟು ಹುಳಿಯನ್ನು ತಿಂದುಹಾಕಿರುತ್ತದೆ, ನೀರೂ ಹೇರಳ, ಕಾವಲು ಸಡಿಲ. ೧೯೮೫ರಲ್ಲಿ ಲಾಸ್ ಏಂಜಲೀಸ್ ಪ್ರಾಂತದಲ್ಲಿ ಮೆಕ್ಸಿಕೋ ಮಾದರಿಯ ಮೆದು ಚೀಸಿನಿಂದ ೧೪೨ ಮಂದಿಗೆ ಈ ರೋಗ ತಗಲಿ, ೪೮ ಸಾವುಗಳುಂಟಾದುವು. ಅವುಗಳಲ್ಲಿ ಬಹುಪಾಲು ಗರ್ಭಸ್ಥ ಶಿಶುಗಳು ಮತ್ತು ಹಸುಳೆಗಳು. ಪಾಶ್ಚರೀಕರಿಸದ ಹಾಲು ಬೆರೆತುದರ ಫಲವೆಂದು ತನಿಖೆಯು ಶಂಕಿಸಿತು.

ಸಾಫ್ಟ್ ಸರ್ವಿನಲ್ಲಿ ಹುಳಿಯಿಲ್ಲ, ಉಪ್ಪಿಲ್ಲ, ನೀರು ಬೇಕಾದಷ್ಟಿದೆ. ಅದಕ್ಕಿರುವ ಒಂದೇ ಕಾವಲು ಚಳಿ. ಆ ಚಳಿಗೆ ಈ ಶತ್ರು ಅಂಜುವುದಿಲ್ಲ. ಮಿಶ್ರಣವು ಪಾಶ್ಚರೀಕೃತವೇ ಆಗಿದ್ದರೂ, ಯಂತ್ರದ ರಬ್ಬರು ಬಳೆಗಳ ಸಂದಿನಲ್ಲಿಯೂ ಅಲಗುಗಳ ಬುಡದಲ್ಲಿಯೂ ಉಳಿದ ಹಾಲಿನ ಪೊರೆಯಲ್ಲಿ ಅದು ಮನೆಮಾಡಿಕೊಳ್ಳಬಲ್ಲುದು. ೨೦೨೩ರಲ್ಲಿ ವಾಷಿಂಗ್ಟನ್ ಸಂಸ್ಥಾನದ ಟಕೋಮಾ ನಗರದ ಒಂದು ಆಹಾರದಂಗಡಿಯಲ್ಲಿ ಮಿಲ್ಕ್‌ಷೇಕ್ ಕುಡಿದ ಆರು ಜನರು ಆಸ್ಪತ್ರೆಗೆ ಸೇರಿದರು. ಅವರಲ್ಲಿ ಮೂವರು ಮಡಿದರು. ಐಸ್‌ಕ್ರೀಮು ಯಂತ್ರಗಳನ್ನು ಸರಿಯಾಗಿ ತೊಳೆಯದಿದ್ದುದೇ ಕಾರಣವೆಂದು ಅಲ್ಲಿನ ಆರೋಗ್ಯ ಇಲಾಖೆಯು ಪ್ರಕಟಿಸಿತು.

ಕಾವಲುಗಾರನ ಕೈಗಳು

ಚೀಸನ್ನು ಕಾಯುವುದು ಬಹುಮಟ್ಟಿಗೆ ರಸಾಯನಶಾಸ್ತ್ರ. ಸಾಫ್ಟ್ ಸರ್ವನ್ನು ಕಾಯುವುದು ಮನುಷ್ಯನ ಕೈ. ಕೆಲವು ಯಂತ್ರಗಳು ರಾತ್ರಿ ತಮ್ಮೊಳಗಿನ ಮಿಶ್ರಣವನ್ನು ತಾವೇ ಸುಮಾರು ೬೬ ಡಿಗ್ರಿಯವರೆಗೆ ಕಾಯಿಸಿ, ಅರ್ಧ ಗಂಟೆ ಹಿಡಿದು, ಮತ್ತೆ ತಣಿಸುತ್ತವೆ. ಅಂಥವನ್ನೂ ಗೊತ್ತಾದ ದಿನಗಳಿಗೊಮ್ಮೆ ಬಿಚ್ಚಿ ತೊಳೆಯಲೇಬೇಕು. ಮಿಕ್ಕವನ್ನು ಅಂಗಡಿ ಮುಚ್ಚಿದ ಮೇಲೆ, ತಯಾರಕರು ವಿಧಿಸಿದ ಕ್ರಮದಲ್ಲಿ, ಭಾಗಭಾಗವಾಗಿ ಬಿಚ್ಚಿ, ಬಳೆಗಳನ್ನು ತೆಗೆದು, ಕುಂಚದಿಂದ ಉಜ್ಜಿ, ಕ್ರಿಮಿನಾಶಕ ದ್ರಾವಣದಲ್ಲಿ ತೊಳೆಯಬೇಕು. ದೊಡ್ಡ ಕಾರ್ಖಾನೆಯಲ್ಲಿ ಇದನ್ನು ನೋಡಿಕೊಳ್ಳಲು ಪರೀಕ್ಷಕರಿರುತ್ತಾರೆ, ಪ್ರಯೋಗಶಾಲೆಯಿರುತ್ತದೆ. ಬಡಾವಣೆಯ ಚಿಕ್ಕ ಭೋಜನಗೃಹದಲ್ಲಿಯೋ, ಹಗಲೆಲ್ಲ ಬಡಿಸಿ ದಣಿದ ಒಬ್ಬ ಕೆಲಸಗಾರನೇ ರಾತ್ರಿ ಹತ್ತು ಗಂಟೆಯ ಮೇಲೆ ಅದನ್ನು ಮಾಡಬೇಕು. ಅವನು ಅಂದು ಒಂದು ಬಳೆಯನ್ನು ತೊಳೆಯದೆ ಬಿಟ್ಟರೆ ನೋಡುವವರಿಲ್ಲ. ಮರುದಿನದ ರುಚಿಯಲ್ಲಿಯೂ ಅದು ತಿಳಿಯುವುದಿಲ್ಲ. ಅವನಿಗೆ ಸಾಕಷ್ಟು ಸಮಯವನ್ನೂ ತಿಳಿವಳಿಕೆಯನ್ನೂ ಸಂಬಳವನ್ನೂ ಕೊಡುವುದು ಆ ಬೀದಿಯ ಗರ್ಭಿಣಿಯರ ಮತ್ತು ಮುದುಕರ ಪ್ರಾಣರಕ್ಷಣೆಯ ಒಂದು ಭಾಗ.

ಇಂದು ಬೆಂಗಳೂರು ಮೈಸೂರುಗಳಲ್ಲಿಯೂ ಸಾಫ್ಟ್ ಸರ್ವಿನ ಯಂತ್ರಗಳು ಸಾಮಾನ್ಯವಾಗಿವೆ. ಮುಂದೆ ಅಂಥ ಯಂತ್ರವೊಂದರ ಮುಂದೆ ನಿಂತಾಗ, ಸುರುಳಿಯು ಇಳಿಯುವ ನಲ್ಲಿಯ ಬಾಯನ್ನು ಒಮ್ಮೆ ಗಮನಿಸಿರಿ. ಇದನ್ನು ಬಿಚ್ಚಿ ತೊಳೆದದ್ದು ಯಾವಾಗ ಎಂದು ವಿನಯದಿಂದ ಕೇಳಿರಿ. ಒಳ್ಳೆಯ ಅಂಗಡಿಯವನು ಆ ಪ್ರಶ್ನೆಗೆ ಬೇಸರಪಡುವುದಿಲ್ಲ; ದಿನವನ್ನು ಹೇಳುತ್ತಾನೆ.