ಎತ್ತು ಮಾರಿದ್ದರೆ ಸಾಲ ತೀರುತ್ತಿತ್ತಲ್ಲ?

ಪಿಯುಸಿ ತರಗತಿಯಲ್ಲಿ ‘ಚೋಮನ ದುಡಿ’ಯ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು: “ಮೇಡಂ, ಅವನು ಎತ್ತು ಮಾರಿದ್ದರೆ ಸಾಲ ತೀರುತ್ತಿತ್ತಲ್ಲ?” ಕೇಳುವವರು ಹೆಚ್ಚಾಗಿ ಅಂಗಡಿಯವರ ಮಕ್ಕಳು. ಲೆಕ್ಕವೇನೋ ಸರಿಯೇ. ಉಳಲು ಗದ್ದೆಯಿಲ್ಲದವನಿಗೆ ಜೋಡಿ ಎತ್ತು ಯಾಕೆ? ಕಾಫಿ ತೋಟದವರ ಸಾಲ ಬೆಳೆಯುತ್ತಿದೆ, ಮನೆಯಲ್ಲಿ ಐದು ಮಕ್ಕಳು. ಎತ್ತು ಕೊಟ್ಟುಬಿಟ್ಟಿದ್ದರೆ ಕಾದಂಬರಿಯ ಅರ್ಧ ಕಷ್ಟ ಅಲ್ಲಿಗೇ ಮುಗಿಯುತ್ತಿತ್ತು.

ಶಿವರಾಮ ಕಾರಂತರು ಈ ಕಾದಂಬರಿ ಪ್ರಕಟಿಸಿದ್ದು 1933ರಲ್ಲಿ. ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಆಗ ಮದ್ರಾಸಿಗೆ ಸೇರಿತ್ತು. ಚೋಮ ಹೊಲೆಯರವನು, ಸಂಕಪ್ಪಯ್ಯನ ಆಳು. ಅವನಿಗೆ ಇದ್ದದ್ದು ಒಂದೇ ಆಸೆ: ತಾನೂ ಗೇಣಿಗೆ ಒಂದಿಷ್ಟು ಗದ್ದೆ ಹಿಡಿದು ಬೇಸಾಯ ಮಾಡಬೇಕು. ಗಮನಿಸಿ, ಅವನು ಕೇಳುವುದು ಒಡೆತನವನ್ನಲ್ಲ, ಒಕ್ಕಲುತನವನ್ನು. ಧಣಿಯ ಮನಸ್ಸು ಒಂದು ಗಳಿಗೆ ಮೆತ್ತಗಾದರೂ ಅವನ ತಾಯಿ ಒಪ್ಪುವುದಿಲ್ಲ. ಹೊಲೆಯ ಬೇಸಾಯಗಾರನಾಗುವ ಪದ್ಧತಿ ಊರಲ್ಲಿಲ್ಲ, ಅಷ್ಟೇ. ಇತ್ತ ಸಾಲ ತೀರಿಸಲು ಇಬ್ಬರು ಗಂಡುಮಕ್ಕಳು ಘಟ್ಟ ಹತ್ತುತ್ತಾರೆ. ಒಬ್ಬ ಜ್ವರದಲ್ಲಿ ಹೋಗುತ್ತಾನೆ, ಇನ್ನೊಬ್ಬ ಕ್ರೈಸ್ತನಾಗಿ ಅಲ್ಲೇ ನಿಲ್ಲುತ್ತಾನೆ. ಮಗಳು ಬೆಳ್ಳಿ ತೋಟಕ್ಕೆ ಹೋಗಿ ತೆತ್ತದ್ದು ಬರೀ ದುಡಿಮೆಯನ್ನಲ್ಲ. ಕಿರಿಯ ಮಗ ನೀಲ ನೀರಲ್ಲಿ ಮುಳುಗುವಾಗ ದಡದಲ್ಲಿ ಜನ ಇದ್ದರು, ಮುಟ್ಟುವ ಜನ ಇರಲಿಲ್ಲ.

ಆದ್ದರಿಂದ ಚೋಮನ ಕನಸನ್ನು ಮುಗ್ಧ ಕನಸು ಎಂದು ಪರೀಕ್ಷೆಯಲ್ಲಿ ಬರೆದವರಿಗೆ ನಾನು ಪೂರ್ತಿ ಅಂಕ ಕೊಟ್ಟವಳಲ್ಲ. ಆ ಕನಸು ಮಕ್ಕಳನ್ನು ತಿಂದಿದೆ. ಆದರೂ ಎತ್ತು ಮಾರಬೇಕಿತ್ತು ಎನ್ನಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೆ ಕಾರಣ ಪುಸ್ತಕದಲ್ಲಿಲ್ಲ, ನಮ್ಮ ಮನೆಯ ಕಪಾಟಿನಲ್ಲಿದೆ.

ಬೆಳ್ತಂಗಡಿ ತಾಲ್ಲೂಕಿನ ನಮ್ಮ ಮನೆಯವರು ಚಾಲಗೇಣಿ ಒಕ್ಕಲು. ಬೈಲು ಗದ್ದೆ, ಸ್ವಲ್ಪ ಮಜಲು, ಮೇಲೆ ಬೆಟ್ಟು. ಗೇಣಿ ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನದೇ ಹಗ್ಗದಿಂದ ಬಿಗಿದು, ಮರದ ಕೊಡತಿಯಿಂದ ಬಡಿದು ಬಡಿದು ಉರುಟಾಗಿ ಮುಡಿ ಕಟ್ಟುತ್ತಿದ್ದರು. ಕೈ ಪಳಗಿದವರು ಕಟ್ಟಿದ ಮುಡಿಯನ್ನು ಉರುಳಿಸಿದರೂ ಒಂದು ಕಾಳು ಹೊರಬೀಳದು. ಅಜ್ಜ ಆ ಕೆಲಸದಲ್ಲಿ ಗಟ್ಟಿಗ. ಒಳ್ಳೆಯ ಅಕ್ಕಿಯೆಲ್ಲ ಹಾಗೆ ಬಿಗಿದು ಧಣಿಗಳ ಮನೆಗೆ ಹೊತ್ತುಹಾಕಿ, ನುಚ್ಚು ನಮಗೆ ಉಳಿಸುತ್ತಿದ್ದರು. ಪ್ರತಿಯಾಗಿ ಸಿಗುತ್ತಿದ್ದದ್ದು ಒಂದು ಗೇಣಿ ಚೀಟಿ, ಅದೂ ಕೆಲವು ವರ್ಷ ಮಾತ್ರ. ಅಜ್ಜಿ ಅದನ್ನೆಲ್ಲ ಒಂದು ತಗಡಿನ ಡಬ್ಬಿಯಲ್ಲಿ ಹಾಕಿಟ್ಟಿದ್ದರು.

1974ರ ಮಾರ್ಚ್ 1ರಂದು ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿಯಲ್ಲಿದ್ದ ಜಮೀನು ಸರ್ಕಾರದ್ದಾಯಿತು; ಉಳುತ್ತಿದ್ದವನು ಅರ್ಜಿ ಹಾಕಿ ತನ್ನದಾಗಿಸಿಕೊಳ್ಳಬಹುದಿತ್ತು. ಫಾರಂ ನಂಬರ್ 7 ಎಂಬುದು ಕಾಗದದಲ್ಲಿದ್ದ ಹೆಸರು. ನಮ್ಮೂರವರ ಬಾಯಲ್ಲಿ ಅದು ‘ಡಿಕ್ಲರೇಶನ್’. ಇಂದಿಗೂ ‘ಅದು ಡಿಕ್ಲರೇಶನ್ ಜಾಗ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಸರ್ವೆ ನಂಬರ್, ವಿಸ್ತೀರ್ಣ, ಧಣಿಯ ಹೆಸರು, ಗೇಣಿಯ ವಿವರ ಎಲ್ಲ ತುಂಬಬೇಕು. ಅದನ್ನು ತೀರ್ಮಾನಿಸಲು ತಾಲ್ಲೂಕಿಗೆ ಭೂ ನ್ಯಾಯಮಂಡಳಿ. ಸಹಾಯಕ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕು. ಮೊದಮೊದಲು ವಕೀಲರನ್ನು ಒಳಗೆ ಬಿಡುತ್ತಿರಲಿಲ್ಲ. ಧಣಿಯ ಎದುರು ಸರಿಯಾಗಿ ತಲೆಯೆತ್ತದ ಅಜ್ಜ ಅಲ್ಲಿ ನಿಂತು “ಈ ಗದ್ದೆ ನಾನು ಮಾಡುವುದು” ಎಂದರಂತೆ. ಡಬ್ಬಿಯ ಚೀಟಿಗಳು ಸಾಕ್ಷಿ ಹೇಳಿದವು.

ಧಣಿಗಳೆಲ್ಲ ರಾಕ್ಷಸರಾಗಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎರಡೆಕರೆ ಗೇಣಿಗೆ ಕೊಟ್ಟು ಅದರ ಅಕ್ಕಿಯಲ್ಲೇ ಬದುಕುತ್ತಿದ್ದ ವಿಧವೆಯರು ಸುತ್ತಮುತ್ತಲೇ ಇದ್ದರು. ಅವರ ಒಲೆ ಆರಿದ್ದೂ ನಿಜ.

ಆದರೆ ಆ ಫಾರಮ್ಮಿನಲ್ಲಿ ಚೋಮನಿಗೆ ಕಾಲಂ ಇರಲಿಲ್ಲ. ನ್ಯಾಯಮಂಡಳಿಯಲ್ಲಿ ಅವನ ಜಾತಿಗೊಂದು ಕುರ್ಚಿ ಇತ್ತು, ಅರ್ಜಿಯಲ್ಲಿ ಅವನಿಗೆ ಜಾಗವಿರಲಿಲ್ಲ. ಯಾಕೆಂದರೆ ಕಾನೂನು ಕೊಟ್ಟದ್ದು ಗೇಣಿದಾರನಿಗೆ, ಆಳು ಗೇಣಿದಾರನಲ್ಲ. ಕೂಲಿಯವನಿಗೆ ಆ ಕಾಯ್ದೆಯಲ್ಲಿ ದಕ್ಕಿದ್ದು ಮುಖ್ಯವಾಗಿ ಅವನು ವಾಸವಿದ್ದ ಗುಡಿಸಲಿನ ಅಡಿಸ್ಥಳ. ಹೊಲೆಯ ಒಕ್ಕಲಾಗಬಾರದು ಎಂದು ಕಟ್ಟಳೆ ನಲವತ್ತು ವರ್ಷ ಹಿಂದೆ ಹೇಳಿತ್ತು. ಒಕ್ಕಲಾಗಿದ್ದವನಿಗೆ ಮಾತ್ರ ಗದ್ದೆ ಎಂದು ಕಾನೂನು ಈಗ ಹೇಳಿತು. ಎರಡನ್ನೂ ಸೇರಿಸಿ ಓದಿದರೆ ಚೋಮ ಎಲ್ಲಿ ನಿಲ್ಲುತ್ತಾನೆ ಎಂಬುದು ತಿಳಿಯುತ್ತದೆ.

ನಮ್ಮ ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರಿಗೆ ಒಬ್ಬಳು ಮುಂದಾಳು ಇದ್ದಳು. ಪಾಡ್ದನ ಎತ್ತಿಕೊಡುತ್ತಿದ್ದವಳು ಅವಳೇ. ನಮಗೆ ಅಜ್ಜಿಯ ಪ್ರಾಯದವಳು, ನಾವು ಮಕ್ಕಳು ಹೆಸರು ಹಿಡಿದು ಕರೆಯುತ್ತಿದ್ದೆವು. ಇನ್ನೊಬ್ಬರ ಮುಂದೆ ಟವಲು ಕಂಕುಳಿಗೆ ಸೇರಿಸಿ ನಿಲ್ಲುತ್ತಿದ್ದ ನಮ್ಮ ಅಪ್ಪ ಅವಳಿಗೆ ‘ಧಣಿ’. ಡಿಕ್ಲರೇಶನ್ ಆಗಿ ಗದ್ದೆ ನಮ್ಮದಾದ ವರ್ಷ ಮನೆಯಲ್ಲಿ ಪಾಯಸ ಮಾಡಿ ಆಳುಗಳಿಗೂ ಬಡಿಸಿದರು. ಅವಳು ಎಲೆಯ ಮುಂದೆ ಕೂತು ಅಮ್ಮನನ್ನು ಕೇಳಿದ್ದು ನನಗೆ ನೆನಪಿದೆ: “ಅಲ್ಲ ಅಮ್ಮಾ, ಎರಡು ಕಳಸೆ ಬೀಜ ಬೀಳುವಷ್ಟು ಗದ್ದೆಗೆ ನಾನೂ ಒಂದು ಅರ್ಜಿ ಕೊಡಬಹುದಾ?” ಅಮ್ಮ ನಕ್ಕರು. “ಚೀಟಿ ಉಂಟಾ ನಿನ್ನ ಹತ್ತಿರ?” ಎಂದರು. ಅವಳೂ ನಕ್ಕಳು. ಆ ಗದ್ದೆಗಳಲ್ಲಿ ಏಣೇಲು, ಸುಗ್ಗಿ ಎಂದು ಬೆನ್ನು ಬಗ್ಗಿಸಿದ್ದಕ್ಕೆ ಅವಳಿಗೆ ಯಾರೂ ಚೀಟಿ ಬರೆದುಕೊಟ್ಟಿರಲಿಲ್ಲ.

ಚೋಮ ಎತ್ತು ಮಾರಲಿಲ್ಲವೇಕೆ ಎಂಬುದಕ್ಕೆ ನನ್ನ ಉತ್ತರ ಅಲ್ಲಿಂದ ಬಂದದ್ದು. ತಾನು ಬೇಸಾಯಗಾರ ಎನ್ನಲು ಅವನ ಬಳಿ ಇದ್ದ ದಾಖಲೆ ಆ ಎತ್ತುಗಳು, ಆ ನೊಗ-ನೇಗಿಲು. ಅಜ್ಜಿ ತಗಡಿನ ಡಬ್ಬಿಯನ್ನು ಹಸಿವಿಗಾಗಿ ಗುಜರಿಗೆ ಹಾಕಿದ್ದರೆ ನಮ್ಮ ಗತಿ ಏನಾಗುತ್ತಿತ್ತು? ಕೊನೆಗೆ ನೇಗಿಲು ಮುರಿದು, ಎತ್ತುಗಳನ್ನು ಅಟ್ಟಿ, ಬಾಗಿಲು ಹಾಕಿಕೊಂಡು ಅವನು ದುಡಿ ಬಾರಿಸುವಾಗ ತನ್ನ ದಾಖಲೆಯನ್ನು ತಾನೇ ಹರಿದುಹಾಕಿದ್ದಾನೆ ಎಂದೇ ನಾನು ಓದುವುದು. ಭೂಮಿಗಾಗಿ ಇಗರ್ಜಿಯ ದಾರಿ ಹಿಡಿದವನು ತನ್ನ ದೈವ ಪಂಜುರ್ಲಿಯನ್ನು ಬಿಡಲಾರದೆ ಹಿಂದಿರುಗಿದಾಗಲೇ ಉಳಿದ ಬಾಗಿಲೂ ಮುಚ್ಚಿತ್ತು.

ಬಿ.ವಿ. ಕಾರಂತರ ಸಿನಿಮಾ ಬಂದದ್ದು 1975ರಲ್ಲಿ. ಅದಕ್ಕೆ ಸ್ವರ್ಣಕಮಲ, ಚೋಮನಾದ ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ. ಟಾಕೀಸಿನಲ್ಲಿ ಚೋಮನಿಗಾಗಿ ಕಣ್ಣೊರೆಸಿಕೊಂಡವರಲ್ಲಿ ಡಿಕ್ಲರೇಶನ್ ಕೊಟ್ಟು ಕಾಯುತ್ತಿದ್ದ ನಮ್ಮಂಥವರೂ ಇದ್ದರು. ತಮ್ಮ ಕಥೆಯೆಂದೇ ಅತ್ತಿರಬೇಕು.

ಈಗ ಆ ಬೈಲು ಗದ್ದೆ ಹಡಿಲು ಬಿದ್ದಿದೆ. ಆಳಿಲ್ಲ, ಮನೆಯಲ್ಲಿ ಗದ್ದೆಗಿಳಿಯುವವರಿಲ್ಲ, ಮಕ್ಕಳು ಬೆಂಗಳೂರಲ್ಲಿ. ಊರಿಗೆ ಊರೇ ಹೀಗಿದೆ. 2020ರ ತಿದ್ದುಪಡಿಯ ಬಳಿಕ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ಕೊಳ್ಳಲು ದುಡ್ಡಿರಬೇಕು. ಗೇಣಿಗೆ ಕೊಡುವುದು ಮಾತ್ರ 1974ರಿಂದ ನಿಷಿದ್ಧ. ಹಾಗಾಗಿ ಉಳಲು ಮನಸ್ಸಿದ್ದು ಭೂಮಿ ಇಲ್ಲದವನು ನ್ಯಾಯವಾಗಿ ಗದ್ದೆ ಹಿಡಿಯುವ ದಾರಿಯೂ ಇಲ್ಲ.

ಆ ಮುಂದಾಳುವಿನ ಮೊಮ್ಮಗ ಐದು ಸೆಂಟ್ಸ್ ಕಾಲನಿಯಲ್ಲಿದ್ದಾನೆ, ಬಾಡಿಗೆಗೆ ಟಿಲ್ಲರ್ ಓಡಿಸುತ್ತಾನೆ. ಹೋದ ಮಳೆಗಾಲಕ್ಕೆ ಮುಂಚೆ ಬಂದು, ಹಡಿಲು ಬಿದ್ದ ಗದ್ದೆ ತಾನು ಮಾಡುತ್ತೇನೆ ಎಂದ. ನನ್ನ ಅಣ್ಣ ಸ್ವಲ್ಪ ಹೊತ್ತು ಯೋಚಿಸಿ, “ಏಣೇಲು ಒಂದು ಬೆಳೆ ಮಾಡು ಮಾರಾಯ, ನನಗೆ ಊಟಕ್ಕಾಗುವಷ್ಟು ಅಕ್ಕಿ ಕೊಡು. ಬರವಣಿಗೆ ಗಿರವಣಿಗೆ ಏನೂ ಬೇಡ” ಎಂದ. ಅವನು ಒಪ್ಪಿಕೊಂಡ. ಆಮೇಲೆ ಬದುವಿನ ಮೇಲೆ ನಿಂತು ಗದ್ದೆಯ ನಾಲ್ಕು ಫೋಟೋ ಹೊಡೆದುಕೊಂಡ, ಒಂದರಲ್ಲಿ ತನ್ನ ಟಿಲ್ಲರನ್ನೂ ನಿಲ್ಲಿಸಿ.