ಕಡಲಿಗೆ ಬಾಗಿಲು ತೆರೆದ ಊರು

ಜಪಾನಿನ ಹಳೆಯ ರಾಜಧಾನಿಯಾದ ಕ್ಯೋಟೋ ನಗರಕ್ಕೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಅಲ್ಲಿಯ ದೇವಾಲಯಗಳನ್ನೂ ಉದ್ಯಾನಗಳನ್ನೂ ನೋಡಿ ಹಿಂದಿರುಗುತ್ತಾರೆ. ಅದೇ ಹೆಸರಿನ ಪ್ರಾಂತವು ಉತ್ತರಕ್ಕೆ ಚಾಚಿ ಜಪಾನ್ ಸಮುದ್ರವನ್ನು ಮುಟ್ಟುತ್ತದೆಂಬುದು ಹಲವರಿಗೆ ತಿಳಿದಿರುವುದಿಲ್ಲ. ಆ ಕರಾವಳಿಯ ತಾಂಗೋ ಪರ್ಯಾಯದ್ವೀಪದಲ್ಲಿ ಇನೆ ಎಂಬ ಪುಟ್ಟ ಮೀನುಗಾರರ ಊರೊಂದಿದೆ. ಕ್ಯೋಟೋದಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ ಪಯಣಿಸಿದರೆ ಅಮನೊಹಶಿದಾತೆ ಎಂಬ ಸ್ಥಳ ಸಿಗುತ್ತದೆ. ಕಡಲನ್ನು ಸೀಳಿಕೊಂಡು 3.6 ಕಿಲೋಮೀಟರ್ ಉದ್ದಕ್ಕೆ ಮಲಗಿರುವ ಮರಳ ದಿಣ್ಣೆ, ಅದರ ಮೇಲೆ ಸಾವಿರಾರು ಪೈನ್ ಮರಗಳು. ಜಪಾನೀಯರು ತಮ್ಮ ನಾಡಿನ ಮೂರು ಮಹಾಸುಂದರ ನೋಟಗಳಲ್ಲಿ ಒಂದೆಂದು ಎಣಿಸುವ ತಾಣವಿದು. ಬಹುಮಂದಿ ಅಲ್ಲಿಗೇ ನಿಲ್ಲುತ್ತಾರೆ. ಇನೆಗೆ ಹೋಗಬೇಕಾದವರು ಬಸ್ಸು ಹತ್ತಿ ಬೆಟ್ಟಕ್ಕೂ ಕಡಲಿಗೂ ನಡುವಣ ದಾರಿಯಲ್ಲಿ ಇನ್ನೂ ಒಂದು ಗಂಟೆ ಸಾಗಬೇಕು.

ಬಸ್ಸಿನಿಂದ ಇಳಿದವನಿಗೆ ಮೊದಲು ತುಸು ನಿರಾಸೆಯಾದರೂ ಆದೀತು. ಕಿರಿದಾದ ಒಂದು ರಸ್ತೆ, ಅದರ ಎರಡು ಮಗ್ಗುಲಲ್ಲಿಯೂ ಸಾಲುಮನೆಗಳು, ನಡುನಡುವೆ ಕಡಲಿನ ಸಣ್ಣದೊಂದು ಮಿನುಗು, ಇಷ್ಟೇ ಕಾಣುತ್ತದೆ. ಈ ಊರಿನ ಮುಖವಿರುವುದು ಕಡಲಿನ ಕಡೆಗೆ. ದೋಣಿಯಲ್ಲಿ ಕುಳಿತು ಕೊಲ್ಲಿಯ ನಡುವಿಗೆ ಹೋಗಿ ಹಿಂದಿರುಗಿ ನೋಡಿದಾಗಲೇ ಇನೆ ತನ್ನ ನಿಜರೂಪವನ್ನು ತೋರುತ್ತದೆ. ಸುಮಾರು 5 ಕಿಲೋಮೀಟರ್ ಉದ್ದದ ದಡದ ಬಳುಕನ್ನು ಅನುಸರಿಸಿ ಸುಮಾರು 230 ಮರದ ಕಟ್ಟಡಗಳು ಒಂದಕ್ಕೊಂದು ಹೆಗಲು ತಾಗಿಸಿ ನಿಂತಿವೆ. ಅವುಗಳ ಮುಂಭಾಗಕ್ಕೆ ಅಂಗಳವಿಲ್ಲ, ಬೇಲಿಯಿಲ್ಲ, ಮೆಟ್ಟಿಲೂ ಇಲ್ಲ. ನೀರು ನೇರವಾಗಿ ಮನೆಯೊಳಕ್ಕೆ ಹರಿದಿರುತ್ತದೆ.

ಈ ಕಟ್ಟಡಗಳಿಗೆ ಜಪಾನೀ ಭಾಷೆಯಲ್ಲಿ ‘ಫುನಾಯ’ ಎಂದು ಹೆಸರು. ‘ದೋಣಿಮನೆ’ ಎಂಬುದು ಅದರ ಅರ್ಥ. ದೋಣಿಮನೆಯೆಂದೊಡನೆ ಕಾಶ್ಮೀರದ ದಾಲ್ ಸರೋವರದಲ್ಲಿ ತೇಲುವ ಮನೆಗಳು ನೆನಪಿಗೆ ಬರಬಹುದು, ಇವು ಅಂಥವಲ್ಲ. ಅಲ್ಲಿ ಮನುಷ್ಯನು ದೋಣಿಯಲ್ಲಿ ವಾಸಿಸುತ್ತಾನೆ. ಇಲ್ಲಿ ದೋಣಿಯೇ ಮನೆಯಲ್ಲಿ ವಾಸಿಸುತ್ತಿತ್ತು. ಕೊಟ್ಟಿಗೆಯಲ್ಲಿ ದನವಿದ್ದಂತೆ ಫುನಾಯದ ಕೆಳ ಅಂತಸ್ತಿನಲ್ಲಿ ದೋಣಿ. ಅದರ ನೆಲವು ಕಡಲಿನೆಡೆಗೆ ಇಳಿಜಾರಾಗಿದ್ದು, ದುಡಿದು ಬಂದ ದೋಣಿಯನ್ನು ಅದರ ಮೇಲೆ ಎಳೆದುಕೊಳ್ಳಲು ಅನುಕೂಲವಾಗಿತ್ತು. ಮೇಲಣ ಅಟ್ಟದಲ್ಲಿ ಬಲೆ, ಹಗ್ಗ, ಹುಟ್ಟುಗಳು. ಮನೆಮಂದಿ ಉಣ್ಣುವುದು, ಮಲಗುವುದು, ದೇವರಿಗೆ ದೀಪವಿಡುವುದು ಎಲ್ಲವೂ ರಸ್ತೆಯ ಆಚೆ ಬೆಟ್ಟದ ಬುಡದಲ್ಲಿರುವ ದೊಡ್ಡ ಮನೆಯಲ್ಲಿ.

ಕಡಲಂಚಿನಲ್ಲಿ ಮನೆ ಕಟ್ಟುವುದು ಬೇರೆ, ಕಡಲನ್ನೇ ಮನೆಯೊಳಕ್ಕೆ ಬರಮಾಡಿಕೊಳ್ಳುವುದು ಬೇರೆ. ದಿನಕ್ಕೆರಡು ಬಾರಿ ಉಬ್ಬರವೇರುವ ನೀರು ಈ ಮನೆಗಳನ್ನು ಏಕೆ ಮುಳುಗಿಸುವುದಿಲ್ಲ? ಜಪಾನಿನ ನೈಋತ್ಯ ಭಾಗದಲ್ಲಿರುವ ಅರಿಯಾಕೆ ಕೊಲ್ಲಿಯಲ್ಲಿ ಉಬ್ಬರ ಇಳಿತಗಳ ನಡುವಣ ಅಂತರ 5 ಮೀಟರನ್ನೂ ಮೀರುವುದುಂಟು. ಇನೆಯಲ್ಲಿ ಅದು ಸುಮಾರು ಅರ್ಧ ಮೀಟರ್ ಮಾತ್ರ. ಜಪಾನ್ ಸಮುದ್ರವು ಬಹುಮಟ್ಟಿಗೆ ನೆಲದಿಂದ ಸುತ್ತುವರಿದಿರುವುದೇ ಇದಕ್ಕೆ ಕಾರಣ. ಮಹಾಸಾಗರಕ್ಕೂ ಅದಕ್ಕೂ ಸಂಪರ್ಕವಿರುವುದು ಕೆಲವು ಇಕ್ಕಟ್ಟಾದ, ಆಳವಿಲ್ಲದ ಜಲಸಂಧಿಗಳ ಮೂಲಕ. ಸಾಗರದಲ್ಲಿ ಏಳುವ ಉಬ್ಬರದ ನೀರು ಈ ಕಿಂಡಿಗಳಲ್ಲಿ ನುಗ್ಗಿ ಒಳಗಣ ವಿಶಾಲವಾದ ಜಲರಾಶಿಯನ್ನು ಎತ್ತುವಷ್ಟರಲ್ಲಿ ಇಳಿತದ ಹೊತ್ತು ಬಂದಿರುತ್ತದೆ.

ಉಬ್ಬರ ಅಲ್ಪವೆಂದ ಮಾತ್ರಕ್ಕೆ ಅಪಾಯ ತಪ್ಪಿತೆನ್ನುವಂತಿಲ್ಲ. ಚಳಿಗಾಲದಲ್ಲಿ ವಾಯವ್ಯದಿಂದ ಬೀಸುವ ಗಾಳಿಗೆ ಜಪಾನ್ ಸಮುದ್ರವು ಭಯಂಕರವಾಗಿ ಕೆರಳುತ್ತದೆ. ಆದರೆ ಇನೆಯ ಕೊಲ್ಲಿಯು ತೆರೆದಿರುವುದು ದಕ್ಷಿಣಕ್ಕೆ. ಆ ಗಾಳಿಗೆ ಅದರ ಬೆನ್ನಿನ ಬೆಟ್ಟಗಳು ಅಡ್ಡಗೋಡೆಯಾಗಿವೆ. ಸಾಲದೆಂಬಂತೆ ಕೊಲ್ಲಿಯ ಬಾಯಲ್ಲಿ ಆವೊಶಿಮ ಎಂಬ ನಡುಗಡ್ಡೆಯು ಕಾವಲುಗಾರನಂತೆ ಕುಳಿತು ಬರುವ ಅಲೆಗಳನ್ನು ಮುರಿಯುತ್ತದೆ. ಹೊರಗೆ ಕಡಲು ಮೊರೆಯುತ್ತಿರುವಾಗಲೂ ಒಳಗೆ ನೀರು ಕೆರೆಯಂತೆ ತಣ್ಣಗಿರುತ್ತದೆ.

ದೋಣಿಗೆ ಮನೆಯೇ ಏಕೆ ಬೇಕಾಯಿತು? ಹಿಂದಿನ ದೋಣಿಗಳು ಮರದವು. ಸದಾ ನೀರಿನಲ್ಲಿದ್ದರೆ ಮರವು ಕೊಳೆಯುತ್ತದೆ; ಮರ ಕೊರೆಯುವ ಕಡಲಹುಳುಗಳು ಅದನ್ನು ಜರಡಿಯಂತಾಗಿಸುತ್ತವೆ. ನೂಲಿನ ಬಲೆಗಳೂ ಅಷ್ಟೆ. ಒದ್ದೆಯಾಗಿಯೇ ಬಿದ್ದಿದ್ದರೆ ಬಹುಕಾಲ ಬಾಳವು. ಹಿಮವೂ ಮಳೆಯೂ ಹೆಚ್ಚಾಗಿರುವ ಈ ಸೀಮೆಯಲ್ಲಿ ದೋಣಿಯನ್ನೂ ಬಲೆಯನ್ನೂ ಒಣಗಿಸಬೇಕಾದರೆ ತಲೆಯ ಮೇಲೊಂದು ಮಾಡು ಬೇಕು. ಬೆಟ್ಟವೋ ಕಡಲಿನವರೆಗೂ ಇಳಿದುಬಂದಿದೆ, ಬೇರೆಡೆ ಜಾಗವಿಲ್ಲ. ಆದ್ದರಿಂದ ಮಾಡು ನೀರಿನ ಅಂಚಿಗೇ ಬಂತು. ಇಂದು ಛಾಯಾಚಿತ್ರಗಾರರ ಮನಸೆಳೆಯುವ ಈ ಸಾಲು ಸೌಂದರ್ಯಕ್ಕಾಗಿ ಹುಟ್ಟಿದುದಲ್ಲ. ಒದ್ದೆ ಬಲೆಯನ್ನು ಒಣಗಿಸುವ ಚಿಂತೆಯಿಂದ ಹುಟ್ಟಿದುದು.

ಮೊದಲು ಇವು ಹುಲ್ಲು ಹೊದಿಸಿದ ಗಿಡ್ಡ ಕಟ್ಟಡಗಳಾಗಿದ್ದವು. ಇವಕ್ಕೆ ಹಂಚಿನ ಮಾಡನ್ನೂ ಎರಡನೆಯ ಅಂತಸ್ತನ್ನೂ ತಂದುಕೊಟ್ಟದ್ದು ಒಂದು ಮೀನು. ಚಳಿಗಾಲದಲ್ಲಿ ಉತ್ತರದ ತಣ್ಣೀರಿನಿಂದ ದಕ್ಷಿಣಕ್ಕೆ ವಲಸೆ ಹೊರಡುವ ‘ಬುರಿ’ ಎಂಬ ಆ ಮೀನು ಮೈತುಂಬ ಕೊಬ್ಬು ತುಂಬಿಕೊಂಡು ಈ ತೀರದ ಬಳಿ ಹಾದುಹೋಗುತ್ತದೆ. ಬೆಳೆದಂತೆಲ್ಲ ಇದರ ಹೆಸರು ಬದಲಾಗುವುದು ಒಂದು ಸೋಜಿಗ. ಮರಿಯಾಗಿದ್ದಾಗ ಒಂದು ಹೆಸರು, ನಡುಹರೆಯದಲ್ಲಿ ಇನ್ನೊಂದು, ಪೂರ್ಣ ಬೆಳೆದ ಮೇಲಷ್ಟೇ ಬುರಿ. ಬಾಳಿನಲ್ಲಿ ಮೇಲೇರುವುದರ ಸಂಕೇತವೆಂದು ಜಪಾನೀಯರು ಇದನ್ನು ಶುಭಕಾರ್ಯಗಳಲ್ಲಿ ಬಡಿಸುತ್ತಾರೆ. ಚಳಿಗಾಲದ ಆರಂಭದಲ್ಲಿ ಗುಡುಗಿದರೆ ‘ಬುರಿಯನ್ನೆಬ್ಬಿಸುವ ಗುಡುಗು’ ಎಂದು ಜಪಾನ್ ಸಮುದ್ರದ ತೀರದವರು ಹಿಗ್ಗುವುದುಂಟು. ಮೀನಿನ ಹಾದಿಗೆ ಅಡ್ಡವಾಗಿ ಕಡಲಿನಲ್ಲಿ ಸ್ಥಿರವಾಗಿ ನಿಲ್ಲಿಸಿದ ಭಾರಿ ಬಲೆಗಳಿಂದ ಇನೆಯವರು ಅದನ್ನು ಹಿಡಿದರು. ಆ ಹಣದಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದೀಚೆಗೆ ಹುಲ್ಲಿನ ಮಾಡುಗಳು ಒಂದೊಂದಾಗಿ ಹಂಚಿನವಾದವು. 1930ರ ದಶಕದಲ್ಲಿ ಮನೆಗೂ ಫುನಾಯಕ್ಕೂ ನಡುವಣ ಅಂಗಳಗಳನ್ನು ಕೂಡಿಸಿ ರಸ್ತೆ ಮಾಡಿದಾಗ ಹಲವು ಫುನಾಯಗಳು ಇನ್ನಷ್ಟು ಕಡಲಿನೆಡೆಗೆ ಸರಿದವು. ಅದಕ್ಕೆ ಮೊದಲು ನೆರೆಮನೆಯವರು ಒಬ್ಬರಲ್ಲಿಗೊಬ್ಬರು ದೋಣಿಯಲ್ಲಿ ಹೋಗಿಬರುವುದೇ ಸುಲಭವಾಗಿತ್ತು.

ಇದೇ ಕೊಲ್ಲಿಗೆ ಹಿಂದೆ ತಿಮಿಂಗಿಲಗಳೂ ದಾರಿ ತಪ್ಪಿ ಬರುತ್ತಿದ್ದವು. ಆವೊಶಿಮದ ಇಕ್ಕೆಲದ ಬಾಯಿಗಳಿಗೆ ಬಲೆ ಕಟ್ಟಿ ಊರಿಗೆ ಊರೇ ಸೇರಿ ಅವುಗಳನ್ನು ಹಿಡಿಯುತ್ತಿತ್ತು. ಹಾಗೆ ಕೊಂದವರೇ ಆ ನಡುಗಡ್ಡೆಯಲ್ಲಿ ತಿಮಿಂಗಿಲಗಳಿಗಾಗಿ ಸಮಾಧಿಯ ಕಲ್ಲನ್ನೂ ನೆಟ್ಟರು.

ಕಾಲ ಬದಲಾಯಿತು. ನೈಲಾನ್ ಬಲೆ ಬಂತು. ಅದು ಒದ್ದೆಯಾಗಿದ್ದರೂ ಕೊಳೆಯದು. ಫೈಬರ್ ದೋಣಿ ಬಂತು. ಅದನ್ನು ಹುಳು ಕೊರೆಯದು. ಯಂತ್ರ ಜೋಡಿಸಿದ ಹೊಸ ದೋಣಿಗಳು ಅಗಲವಾಗಿ ಎತ್ತರವಾಗಿ ಬೆಳೆದು ಹಳೆಯ ಬಾಗಿಲೊಳಗೆ ಹಿಡಿಸದಾದವು. ಇಂದು ಅನೇಕ ಫುನಾಯಗಳ ಮುಂದೆ ದೋಣಿಯನ್ನು ಹೊರಗೇ ಕಟ್ಟಿರುವುದನ್ನು ಕಾಣಬಹುದು. ದೋಣಿಗಾಗಿ ಕಟ್ಟಿದ ಕೋಣೆಯಲ್ಲಿ ದೋಣಿಯಿಲ್ಲ. ಊರಿನ ಯುವಕರು ಉದ್ಯೋಗವನ್ನರಸಿ ನಗರಗಳಿಗೆ ತೆರಳಿದರು. 1954ರಲ್ಲಿ ನಾಲ್ಕು ಹಳ್ಳಿಗಳು ಕೂಡಿ ಆದ ಇನೆ ಪಟ್ಟಣದ ಜನಸಂಖ್ಯೆ 2020ರ ಜನಗಣತಿಯ ವೇಳೆಗೆ 2,000ಕ್ಕಿಂತ ಕೆಳಗಿಳಿದಿತ್ತು. ಈ ಪಟ್ಟಣದ ಇನ್ನೊಂದು ಹಳ್ಳಿಯಲ್ಲಿ ಉರಶಿಮ ಎಂಬ ಬೆಸ್ತನ ಗುಡಿಯಿದೆ. ಆಮೆಯ ರೂಪದಲ್ಲಿ ಬಂದ ಕನ್ಯೆಯೊಡನೆ ಕಡಲಾಚೆಯ ಲೋಕಕ್ಕೆ ಹೋಗಿ, ಮೂರು ವರ್ಷ ಸುಖವಾಗಿದ್ದು ಮರಳಿದಾಗ ಊರಿನಲ್ಲಿ ಮುನ್ನೂರು ವರ್ಷ ಕಳೆದಿತ್ತಂತೆ, ಗುರುತಿನವರೊಬ್ಬರೂ ಉಳಿದಿರಲಿಲ್ಲವಂತೆ. ಬ್ರಹ್ಮಲೋಕಕ್ಕೆ ಹೋಗಿಬಂದ ರೈವತರಾಜನ ಪುರಾಣಕಥೆಯನ್ನು ಬಲ್ಲವರಿಗೆ ಇದು ಹೊಸದೆನಿಸದು.

2005ರಲ್ಲಿ ಜಪಾನ್ ಸರ್ಕಾರವು ಇನೆಯ ಕೊಲ್ಲಿಯನ್ನೂ ಅದರ ಕಟ್ಟಡಗಳನ್ನೂ ಸಂರಕ್ಷಿತ ಪ್ರದೇಶವೆಂದು ಸಾರಿತು. ಆ ಪಟ್ಟಿಗೆ ಸೇರಿದ ಮೊದಲ ಮೀನುಗಾರರ ಹಳ್ಳಿ ಇದು. ಆ ಬಳಿಕ ದೇಶವಿದೇಶಗಳಿಂದ ಜನ ಬರತೊಡಗಿದರು. ಕೆಲವು ಫುನಾಯಗಳು ತಂಗುಮನೆಗಳಾದವು. ಇದರಿಂದ ಊರಿಗೆ ವರಮಾನವುಂಟು, ಕಿರುಕುಳವೂ ಉಂಟು. ಬರುವವರಲ್ಲಿ ಕೆಲವರು ತೆರೆದ ಬಾಗಿಲನ್ನು ಕಂಡು ವಸ್ತುಸಂಗ್ರಹಾಲಯವೆಂದು ಭಾವಿಸಿ ಒಳಗೆ ಕಾಲಿಡುತ್ತಾರೆ. ಬಲೆ ತಿದ್ದುತ್ತಿರುವ ಮುದುಕನ ಮುಖಕ್ಕೇ ಕ್ಯಾಮರಾ ಹಿಡಿಯುತ್ತಾರೆ. ಫುನಾಯವು ಒಬ್ಬರ ಕೆಲಸದ ಕೋಣೆ; ಅದಕ್ಕೂ ಎದುರಿನ ಮನೆಗೂ ನಡುವೆ ಹಾದುಹೋಗುವ ರಸ್ತೆಯು ಆ ಮನೆಯ ಹಳೆಯ ಅಂಗಳ. ಇದನ್ನರಿತ ಪ್ರವಾಸಿಗನು ಮೆಲ್ಲನೆ ನಡೆಯುತ್ತಾನೆ, ಕೇಳಿ ಒಳಗೆ ಹೋಗುತ್ತಾನೆ.

ಅಂಥವನು ಒಂದು ರಾತ್ರಿ ಅಲ್ಲಿ ತಂಗಿದರೆ, ನಸುಕಿನಲ್ಲಿ ಬಲೆಯ ಕಡೆಗೆ ಹೊರಡುವ ದೋಣಿಗಳ ಸದ್ದಿಗೆ ಎಚ್ಚರವಾಗುತ್ತದೆ. ಅವು ಹಾದುಹೋದ ಸ್ವಲ್ಪ ಹೊತ್ತಿಗೆ ಸಣ್ಣ ಅಲೆಯೊಂದು ಬಂದು ಮನೆಯ ಕೆಳಗಿನ ಕಲ್ಲುಗಳನ್ನು ತಟ್ಟುತ್ತದೆ. ಬೆಳಕು ಹರಿದಾಗ ನೆರೆಯ ಫುನಾಯದ ಹೆಂಗಸು ಬಾಗಿಲಂಚಿಗೆ ಬಂದು ನೀರಿನೊಳಕ್ಕೆ ಇಳಿಬಿಟ್ಟಿದ್ದ ಹಗ್ಗವನ್ನು ಎಳೆಯುತ್ತಾಳೆ. ಅದರ ತುದಿಯಲ್ಲಿ ಒಂದು ಕೂಳಿ. ಹಿಂದಿನ ದಿನದ ಮೀನಿನ ತಲೆಯನ್ನೂ ಮುಳ್ಳನ್ನೂ ಅದರಲ್ಲಿಟ್ಟು ರಾತ್ರಿ ಇಳಿಬಿಟ್ಟಿರುತ್ತಾಳೆ. ನಾಲ್ಕಾರು ಮೀನು ಸಿಕ್ಕಿದ್ದರೆ ಬೇಕಾದುದನ್ನು ಆರಿಸಿಕೊಂಡು, ತೀರ ಚಿಕ್ಕದನ್ನು ನೀರಿಗೆ ಬಿಟ್ಟು, ಕೂಳಿಯನ್ನು ಮತ್ತೆ ಅಲ್ಲಿಯೇ ಇಳಿಸಿ, ರಸ್ತೆ ದಾಟಿ ಅಡಿಗೆಮನೆಗೆ ಹೋಗುತ್ತಾಳೆ.